ಬುಧವಾರದ ಕಾಡು

ಬ್ಯಾಂಕಿನಲ್ಲಿ 35 ವರ್ಷ ಗುಮಾಸ್ತನಾಗಿ ಕುಳಿತವನಿಗೆ ಬೇರೆ ವಿದ್ಯೆ ಬಂತೋ ಇಲ್ಲವೋ, ಜನ ಯಾವಾಗ ಮುಗಿಬೀಳುತ್ತಾರೆ, ಕೌಂಟರ್ ಯಾವಾಗ ಖಾಲಿ ಇರುತ್ತದೆ ಎಂಬ ವಿದ್ಯೆಯಂತೂ ಬಂದೇ ಬರುತ್ತದೆ. ತಿಂಗಳ ಮೊದಲ ಐದು ದಿನ ಪಿಂಚಣಿಯವರು. ಸೋಮವಾರ ಇಡೀ ಊರು. ಹಬ್ಬದ ರಜೆ ಮುಗಿದ ಮಾರನೆಯ ದಿನವಂತೂ ಕೇಳಲೇಬೇಡಿ. ಸಣ್ಣ ಊರಿನ ಶಾಖೆಯಾದರೆ ಸಂತೆಯ ದಿನ ಕಾಲಿಡಲು ಜಾಗವಿಲ್ಲ. ಆದರೆ ಮೂರನೆಯ ವಾರದ ಬುಧವಾರ ಮಧ್ಯಾಹ್ನ ಬನ್ನಿ, ನಾವು ಹಿತ್ತಾಳೆ ಟೋಕನ್‌ಗಳನ್ನು ಒರೆಸಿ ಜೋಡಿಸುತ್ತಾ ಕೂತಿರುತ್ತಿದ್ದೆವು. ಎಷ್ಟೋ ಜನ ಹಿರಿಯರಿಗೆ, "ಎಂಟನೇ ತಾರೀಖು ಬನ್ನಿ ಸ್ವಾಮಿ, ಕೂತು ಕಾಫಿ ಕುಡಿದು ದುಡ್ಡು ತಗೊಂಡು ಹೋಗಬಹುದು" ಎಂದು ಹೇಳಿ ನೋಡಿದ್ದೇನೆ. ಯಾರೂ ಬರುತ್ತಿರಲಿಲ್ಲ. ಎಲ್ಲರೂ ಬರುವ ಹೊತ್ತೇ ಸರಿಯಾದ ಹೊತ್ತು ಎಂಬ ನಂಬಿಕೆ ನಮ್ಮ ಜನಕ್ಕೆ ಹುಟ್ಟಿನಿಂದಲೇ ಬಂದಿರಬೇಕು.

ಈಗ ಕಾಡಿಗೂ ಹಾಗೆಯೇ ಆಗಿದೆ. ಮಕ್ಕಳೇ, ನಮ್ಮ ಕರ್ನಾಟಕದಲ್ಲಿ ಐದು ರಾಷ್ಟ್ರೀಯ ಉದ್ಯಾನಗಳಿವೆ: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಅಣಶಿ, ಕುದುರೆಮುಖ. ವರ್ಷಕ್ಕೆ 365 ದಿನ ಇದ್ದರೂ ನಾವೆಲ್ಲ ಒಂದು ಮೂವತ್ತು ದಿನಗಳಲ್ಲೇ ಅಲ್ಲಿಗೆ ನುಗ್ಗುತ್ತೇವೆ. ದಸರಾ, ಕ್ರಿಸ್‌ಮಸ್, ಹೊಸ ವರ್ಷ, ಸಂಕ್ರಾಂತಿ, ಮತ್ತೆ ಶುಕ್ರವಾರಕ್ಕೋ ಸೋಮವಾರಕ್ಕೋ ಅಂಟಿಕೊಂಡು ಬರುವ ಒಂದೊಂದು ಸರ್ಕಾರಿ ರಜೆ. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತ ಹತ್ತಲು ಹೋದವರ ಸಾಲನ್ನು ನೀವೂ ಟಿ.ವಿ.ಯಲ್ಲಿ ನೋಡಿರಬಹುದು. ಅದು ಬೆಟ್ಟ ಹತ್ತುವ ದಾರಿಯೋ ರೇಷನ್ ಅಂಗಡಿಯ ಸಾಲೋ ಎಂದು ನಮ್ಮ ಮನೆಯಲ್ಲಿ ಮಾತಾಡಿಕೊಂಡೆವು. ಆಮೇಲೆ ಸರ್ಕಾರ ಕೆಲವು ಕಾಲ ಚಾರಣವನ್ನೇ ನಿಲ್ಲಿಸಿ, ಮುಂಗಡ ಬುಕಿಂಗ್ ಮಾಡಿದವರಿಗೆ ಮಾತ್ರ, ದಿನಕ್ಕೆ ಇಷ್ಟೇ ಜನ ಎಂದು ಮಿತಿ ಹಾಕಬೇಕಾಯಿತು.

ನಮಗೂ ಒಂದು ಪೆಟ್ಟು ಬಿದ್ದಿತ್ತು. 2022ರ ಡಿಸೆಂಬರ್ ಕೊನೆಯ ವಾರ. ಬೆಂಗಳೂರಿನಿಂದ ಮಗ, ಸೊಸೆ, ಮೊಮ್ಮಗಳು ಮೈಸೂರಿಗೆ ಬಂದಿದ್ದರು. ಒಂದು ಅಭಯಾರಣ್ಯಕ್ಕೆ ಹೋದೆವು, ಹೆಸರು ಬೇಡ. ಬೆಳಗಿನ ಸರದಿ ತುಂಬಿದೆ, ಮಧ್ಯಾಹ್ನದ್ದಕ್ಕೆ ನೋಡೋಣ ಎಂದರು. ಮಧ್ಯಾಹ್ನದ್ದೂ ತುಂಬಿತು. ಮೂರು ಗಂಟೆ ಬಿಸಿಲಿನಲ್ಲಿ ನಿಂತೆವು. ಕೂರಲು ಇದ್ದ ಎರಡು ಕಲ್ಲುಬೆಂಚಿನ ಮೇಲೆ ಇಪ್ಪತ್ತು ಜನರ ಚೀಲಗಳಿದ್ದವು. ನಮ್ಮ ಮನೆಯವಳಿಗೆ ಮಂಡಿ ನೋವು, ಜೊತೆಗೆ ರಕ್ತದೊತ್ತಡಕ್ಕೆ ದಿನಾ ಬೆಳಗ್ಗೆ ಒಂದು ನೀರಿನ ಮಾತ್ರೆ. ಆ ಮಾತ್ರೆ ನುಂಗುವವರಿಗೆ ಗೊತ್ತು, ಎರಡು ಗಂಟೆ ಶೌಚಾಲಯ ದೂರವಾದರೆ ಎಂಥ ಕಷ್ಟ ಎಂದು. ಅಲ್ಲಿ ಹೆಂಗಸರ ಶೌಚಾಲಯದ ಮುಂದೆಯೇ ಅರ್ಧ ಗಂಟೆಯ ಸಾಲು. ಕೊನೆಗೆ ಕಾಡಿನ ಒಳಗೆ ಕಾಲಿಡದೆ, ಬೇಲಿಯ ಮೇಲಿದ್ದ ಎರಡು ಕೋತಿಗಳನ್ನು ನೋಡಿಕೊಂಡು ವಾಪಸ್ ಬಂದೆವು. ದಾರಿಯುದ್ದಕ್ಕೂ ಯಾರೂ ಮಾತಾಡಲಿಲ್ಲ. ಮನೆ ಸೇರಿದ ಮೇಲೆ ಇವಳು, "ಇನ್ನು ಮೇಲೆ ನೀವೇ ಹೋಗಿ ಬನ್ರಪ್ಪ, ನನ್ನ ಕರೀಬೇಡಿ" ಎಂದು ಹೇಳಿ ಒಳಗೆ ಹೋದಳು.

ಆ ಮಾತು ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಮದುವೆಯಾದ ಹೊಸದರಲ್ಲಿ ಇವಳು ಕೇಳಿದ್ದು ಎರಡೇ ಆಸೆ. ಒಂದು, ಕನ್ಯಾಕುಮಾರಿಯ ಸೂರ್ಯೋದಯ. ಅದು 1986ರಲ್ಲಿ ಎಲ್.ಟಿ.ಸಿ.ಯಲ್ಲಿ ಆಯಿತು. ಇನ್ನೊಂದು, ಸರಪಳಿ ಇಲ್ಲದ ಆನೆ. ದಸರಾ ಆನೆಗಳನ್ನು ವರ್ಷಾ ವರ್ಷ ನೋಡಿ ಬೆಳೆದ ಮೈಸೂರಿನ ಹುಡುಗಿ ಇವಳು. "ಅದರಷ್ಟಕ್ಕೆ ಅದು ಇರೋ ಆನೆಯನ್ನ ಒಂದ್ಸಲ ನೋಡ್ಬೇಕು ಕಣ್ರೀ" ಎನ್ನುತ್ತಿದ್ದಳು. ಮಕ್ಕಳ ಓದು, ನನ್ನ ವರ್ಗಾವರ್ಗಿ, ಅತ್ತೆಯ ಕಾಯಿಲೆ ಎಂದು ಅದು ಮುಂದಕ್ಕೆ ಹೋಗುತ್ತಲೇ ಇತ್ತು. ಈಗ ಮಂಡಿ ಅಡ್ಡ ಬಂದಿದೆ. ಇನ್ನೆಷ್ಟು ವರ್ಷ ಮುಂದಕ್ಕೆ ಹಾಕಲು ಸಾಧ್ಯ?

ಅತ್ತ ಮೊಮ್ಮಗಳದ್ದು ಬೇರೆಯೇ ಹಟ. ಪುಟ್ಟಿ ಆಗ ಐದನೆಯ ತರಗತಿ ಮುಗಿಸುತ್ತಿದ್ದಳು. ತನ್ನ ಬೆಂಚಿನ ಮೂರು ಜನರೂ ಹುಲಿ ನೋಡಿದ್ದಾರಂತೆ, ತಾನೊಬ್ಬಳೇ ನೋಡಿಲ್ಲವಂತೆ. "ತಾತ, ಹುಲಿ ತೋರಿಸ್ತೀಯಾ ಇಲ್ವಾ?" ಎಂದು ಫೋನಿನಲ್ಲಿ ದಿನಾ ಕೇಳುತ್ತಿದ್ದಳು. ಹುಲಿ ತೋರಿಸುವುದು ನನ್ನ ಕೈಯಲ್ಲಿಲ್ಲ, ಕಾಡು ತೋರಿಸುತ್ತೇನೆ ಎಂದೆ. ಅವಳಿಗೆ ಅದು ಅಷ್ಟು ರುಚಿಸಲಿಲ್ಲ.

ಹೀಗೆ 2025ರ ಫೆಬ್ರವರಿಯಲ್ಲಿ ನಾನು ಒಂದು ಹಳೆಯ ಲೆಡ್ಜರ್ ಪುಸ್ತಕ ತೆಗೆದು ಕುಳಿತೆ. ಬಿ.ಕಾಂ. ಓದಿದವನಿಗೆ ಗೆರೆ ಹಾಕಿದ ಹಾಳೆ ಸಿಕ್ಕರೆ ಸಾಕು, ಅರ್ಧ ಕೆಲಸ ಆದಂತೆ.

ಮೊದಲು ಈ ಜಂಗುಳಿ ಏಕಾಗುತ್ತದೆ ಎಂದು ಅರ್ಥ ಮಾಡಿಕೊಳ್ಳಬೇಕಿತ್ತು. ನಾಗರಹೊಳೆ ಎಂದರೆ ಮೈಸೂರು ಮತ್ತು ಕೊಡಗು ಜಿಲ್ಲೆಗಳಲ್ಲಿ ಹರಡಿಕೊಂಡ ದೊಡ್ಡ ಕಾಡು. ಅಷ್ಟು ದೊಡ್ಡ ಕಾಡಿನಲ್ಲಿ ನಾಲ್ಕು ಗಾಡಿ ಹೆಚ್ಚಾದರೆ ಏನಂತೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ನಮಗೆ ತೆರೆದಿರುವುದು ಅದರ ಒಂದು ಅಂಚು ಮಾತ್ರ. 2012ರಲ್ಲಿ ಸುಪ್ರೀಂ ಕೋರ್ಟ್ ಹುಲಿ ಮೀಸಲು ಪ್ರದೇಶಗಳ ನಟ್ಟನಡುವಿನ ಕಾಡಿನಲ್ಲಿ ಪ್ರವಾಸವನ್ನು ಕೆಲವು ತಿಂಗಳು ನಿಲ್ಲಿಸಿತ್ತು. ಆಮೇಲೆ ಹೊಸ ನಿಯಮಗಳೊಂದಿಗೆ ಮತ್ತೆ ಬಿಟ್ಟರು. ಆ ನಿಯಮದ ಪ್ರಕಾರ ನಡುಗಾಡಿನಲ್ಲಿ ನೂರಕ್ಕೆ 20 ಭಾಗಕ್ಕಿಂತ ಹೆಚ್ಚು ಪ್ರವಾಸಿಗರಿಗೆ ಬಳಸುವಂತಿಲ್ಲ. ಉಳಿದದ್ದು ಬ್ಯಾಂಕಿನ ಸ್ಟ್ರಾಂಗ್ ರೂಮ್ ಇದ್ದ ಹಾಗೆ. ಗಿರಾಕಿ ಎಷ್ಟೇ ದೊಡ್ಡವನಾದರೂ ಒಳಗೆ ಬಿಡುವುದಿಲ್ಲ. ಹಾಗಾಗಿ ಎಷ್ಟು ಜನ ಬಂದರೂ ಅದೇ ನಾಲ್ಕಾರು ದಾರಿ, ಅದೇ ಕೆರೆ, ಅದೇ ತಿರುವು. ಕೌಂಟರ್ ಎರಡೇ ಇರುವ ಶಾಖೆಗೆ ಸಾವಿರ ಜನ ಬಂದರೆ ಆಗುವುದೇ ಇಲ್ಲೂ ಆಗುತ್ತದೆ. ಕೌಂಟರ್ ಹೆಚ್ಚಿಸಿ ಎಂದು ಬ್ಯಾಂಕಿನಲ್ಲಿ ಗಲಾಟೆ ಮಾಡಬಹುದು, ಕಾಡಿನಲ್ಲಿ ಮಾಡಬಾರದು. ಅಲ್ಲಿ ಕೌಂಟರ್ ಹೆಚ್ಚಿದರೆ ಕಾಡು ಕಡಿಮೆಯಾಗುತ್ತದೆ.

ಅಂದಮೇಲೆ ಉಳಿದ ದಾರಿ ಒಂದೇ, ಜನ ಬಾರದ ದಿನ ಹುಡುಕುವುದು.

ಗೋಡೆಯ ಕ್ಯಾಲೆಂಡರ್ ಇಳಿಸಿ ಮಡಿಲಲ್ಲಿಟ್ಟುಕೊಂಡೆ. ಪುಟ್ಟಿಯ ಶಾಲೆಗೆ ಏಪ್ರಿಲ್ 11ರಿಂದ ಬೇಸಿಗೆ ರಜೆ. ಮಗ ತಕ್ಷಣ, "12, 13, 14 ಮೂರು ದಿನ ಸಿಗುತ್ತೆ ಅಪ್ಪ, ಸೋಮವಾರ ಅಂಬೇಡ್ಕರ್ ಜಯಂತಿ, ನನಗೂ ರಜೆ" ಎಂದ. ನಿನಗೆ ರಜೆ ಎಂದರೆ ಬೆಂಗಳೂರಿಗೇ ರಜೆ, ಆ ಮೂರು ದಿನ ಬೇಡ ಎಂದೆ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿತ್ತು. ನಾವು ಹೋಗಬೇಕೆಂದಿದ್ದುದು ಎಚ್.ಡಿ. ಕೋಟೆ ಕಡೆಯ ದಮ್ಮನಕಟ್ಟೆ ಗೇಟಿಗೆ. ಆ ರಸ್ತೆ ನೇರ ಕೇರಳದ ಮಾನಂದವಾಡಿಗೆ ಹೋಗುತ್ತದೆ. ಅದೇ 14ನೇ ತಾರೀಖು ಕೇರಳದವರಿಗೆ ವಿಷು ಹಬ್ಬ, ತಮಿಳುನಾಡಿನವರಿಗೆ ಹೊಸ ವರ್ಷ. ನಮ್ಮ ಕಾಡುಗಳು ಮೂರು ರಾಜ್ಯ ಸೇರುವ ಕಡೆ ಇವೆ. ಬಂಡೀಪುರ, ನಾಗರಹೊಳೆಗೆ ಹೊರಡುವವರು ನಮ್ಮ ಕ್ಯಾಲೆಂಡರ್ ಒಂದನ್ನೇ ನೋಡಿದರೆ ಸಾಲದು. ಓಣಂ, ವಿಷು, ಪೊಂಗಲ್ ಎಲ್ಲವನ್ನೂ ನೋಡಬೇಕು. ಇದನ್ನು ಹೇಳಿದಾಗ ಮಗ ಸ್ವಲ್ಪ ಹೊತ್ತು ಸುಮ್ಮನಾಗಿ, "ಇದು ನನಗೆ ಹೊಳೆದೇ ಇರಲಿಲ್ಲ" ಎಂದ. ಎಪ್ಪತ್ತು ದಾಟಿದವನಿಗೆ ಮಗನ ಬಾಯಿಂದ ಇಂಥ ಮಾತು ಅಪರೂಪಕ್ಕೆ ಸಿಗುವುದು. ನಾನೂ ತಿದ್ದಿ ಬರೆಯದೆ ಹಾಗೆಯೇ ಇಟ್ಟುಕೊಂಡಿದ್ದೇನೆ.

ಮುಂದಿನ ವಾರದ ಕೊನೆಗೆ 18ರಂದು ಗುಡ್ ಫ್ರೈಡೇ. ಮತ್ತೆ ಮೂರು ದಿನ ಜಾತ್ರೆ. ಈ ಎರಡು ಜಾತ್ರೆಗಳ ನಡುವೆ ಒಂದು ಬುಧವಾರ ಒಂಟಿಯಾಗಿ ನಿಂತಿತ್ತು, ಏಪ್ರಿಲ್ 16. ವಿಷುವಿಗೆ ಬಂದವರು ಮಂಗಳವಾರಕ್ಕೆ ಮರಳಿರುತ್ತಾರೆ, ಗುಡ್ ಫ್ರೈಡೇಗೆ ಬರುವವರು ಗುರುವಾರ ರಾತ್ರಿಯವರೆಗೆ ಹೊರಡುವುದಿಲ್ಲ. ಆ ದಿನದ ಸುತ್ತ ಕೆಂಪು ಶಾಯಿಯಲ್ಲಿ ಗುಂಡು ಹಾಕಿದೆ. ಬುಧವಾರ ರಜೆ ಕೇಳಿದರೆ ಆಫೀಸಿನಲ್ಲಿ ಏನಂದುಕೊಳ್ಳುತ್ತಾರೋ ಎಂದು ಮಗ ಅನುಮಾನಿಸಿದ. ಸೊಸೆಯೇ, "ನಾನು ಕೇಳ್ತಿದ್ದೀನಲ್ಲ, ನೀವೂ ಕೇಳಿ" ಎಂದು ಬಾಯಿ ಮುಚ್ಚಿಸಿದಳು.

ಬೇಸಿಗೆಯೇ ಏಕೆ ಎಂದು ಕೆಲವರು ಕೇಳಬಹುದು. ಮಳೆ ಮುಗಿದ ಅಕ್ಟೋಬರ್, ನವೆಂಬರ್‌ನಲ್ಲಿ ಕಾಡು ನೋಡಲು ಬಲು ಚೆಂದ, ತಂಪು ಬೇರೆ. ಆದರೆ ಹಸಿರು ಎಷ್ಟು ದಟ್ಟವೆಂದರೆ ದಾರಿಯ ಪಕ್ಕದಲ್ಲೇ ಆನೆ ನಿಂತಿದ್ದರೂ ಕಾಣುವುದಿಲ್ಲ. ನೀರು ಎಲ್ಲ ಹಳ್ಳಗಳಲ್ಲೂ ಇರುವುದರಿಂದ ಪ್ರಾಣಿಗಳು ಕಾಡಿನ ತುಂಬ ಚದುರಿರುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಹಳ್ಳಗಳು ಒಣಗುತ್ತವೆ, ಕಬಿನಿ ಜಲಾಶಯದ ಹಿನ್ನೀರು ಇಳಿಯುತ್ತದೆ. ಇಳಿದ ಜಾಗದಲ್ಲಿ ಎಳೆಯ ಹುಲ್ಲು ಚಿಗುರುತ್ತದೆ. ಆ ಹುಲ್ಲಿಗೂ ನೀರಿಗೂ ಆನೆಗಳು ಹಿಂಡು ಹಿಂಡಾಗಿ ಬರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಸೇರುವ ಜಾಗಗಳು ಬೆರಳೆಣಿಕೆಯಷ್ಟೇ ಇವೆ, ಅವುಗಳಲ್ಲಿ ಕಬಿನಿಯ ದಂಡೆಯೂ ಒಂದು. ಸೆಕೆಯನ್ನು ತಡೆದುಕೊಂಡರೆ ಆನೆ ಸಿಗುತ್ತದೆ, ತಂಪು ಬೇಕೆಂದರೆ ಹಸಿರು ಸಿಗುತ್ತದೆ. ನಮಗೆ ಆನೆ ಬೇಕಿತ್ತು.

ಲೆಡ್ಜರ್‌ನ ಮುಂದಿನ ಪುಟ ಪೂರ್ತಿ ನಮ್ಮ ಮನೆಯವಳದ್ದು. ಮೊದಲನೆಯದು, ಬಸ್ಸೋ ಜೀಪೋ? ತೆರೆದ ಜೀಪಿನಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಹತ್ತಲು ಮಂಡಿ ಎತ್ತಬೇಕು, ಹಳ್ಳದಲ್ಲಿ ಎತ್ತಿ ಹಾಕುತ್ತದೆ. ಬಸ್ಸಿನಲ್ಲಿ ಹಿಂದಿನ ಚಕ್ರದ ಮೇಲಿನ ಸೀಟು ಬೇಡವೇ ಬೇಡ, ಮುಂದಿನ ಎರಡು ಸಾಲು ಆಗಬಹುದು. ಎರಡನೆಯದು ಆ ಮಾತ್ರೆ. ಡಾಕ್ಟರನ್ನೇ ಹೋಗಿ ಕೇಳಿದೆ. ಅವರು ನಕ್ಕು, ಆ ಒಂದು ದಿನ ಸಫಾರಿ ಮುಗಿದ ಮೇಲೆ ನುಂಗಲಿ, ತೊಂದರೆ ಇಲ್ಲ ಎಂದರು. ನನ್ನ ವಯಸ್ಸಿನ ಓದುಗರೇ, ನೀವೂ ನಿಮ್ಮ ನಿಮ್ಮ ಡಾಕ್ಟರನ್ನು ಕೇಳಿಯೇ ಮಾಡಿ, ಇವಳ ಮಾತ್ರೆಯ ಲೆಕ್ಕ ನಿಮ್ಮ ಮಾತ್ರೆಗೆ ಹೊಂದಬೇಕೆಂದಿಲ್ಲ. ಕಾಡಿನೊಳಗೆ ಗಾಡಿಯಿಂದ ಇಳಿಯುವಂತಿಲ್ಲ ಎಂಬುದನ್ನು ಮಾತ್ರ ಮರೆಯಬೇಡಿ. ಮೂರನೆಯದು ಹೊತ್ತು. ಬೆಳಗಿನ ಸರದಿಯೇ ಇರಲಿ ಎಂದೆ. ಚಿಕ್ಕವರಿಗೆ ನಾಲ್ಕಕ್ಕೆ ಏಳುವುದು ಶಿಕ್ಷೆ, ನಮ್ಮಂಥವರು ಹೇಗೂ ನಾಲ್ಕಕ್ಕೆ ಎದ್ದು ಸೂರು ನೋಡುತ್ತಾ ಮಲಗಿರುತ್ತೇವೆ.

ಇಷ್ಟೆಲ್ಲ ಬರೆದ ಪುಟವನ್ನು ಅಡುಗೆಮನೆಗೆ ತೆಗೆದುಕೊಂಡು ಹೋಗಿ ತೋರಿಸಿದೆ. ಇವಳು ಹುರುಳಿಕಾಯಿ ಸೋಸುತ್ತಾ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. "ಶೌಚಾಲಯ ಎಲ್ಲೆಲ್ಲಿ ಅಂತ್ಲೂ ಬರೆದಿದ್ದೀರಲ್ರೀ" ಎಂದಳು. ಸ್ವಲ್ಪ ತಡೆದು, "ಜನ ಇದ್ರೆ ನಾನು ಕಾರಿನಿಂದ ಇಳಿಯಲ್ಲ, ಈಗ್ಲೇ ಹೇಳಿದ್ದೀನಿ" ಎಂದಳು. ಬರುತ್ತೇನೆ ಎಂದು ಹೇಳುವ ರೀತಿ ಅವಳದ್ದು ಹೀಗೆಯೇ.

ಮಗ ಫೋನಿನಲ್ಲಿ ಸೀಟು ಕಾದಿರಿಸಿದ. ಎಲ್ಲರ ಗುರುತಿನ ಚೀಟಿಗಳನ್ನು ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಟ್ಟೆ. ಮಂಗಳವಾರ ಸಂಜೆ ಎಚ್.ಡಿ. ಕೋಟೆಯಲ್ಲಿ ನಮ್ಮ ಷಡ್ಡಕರ ಮನೆಗೆ ಹೋಗಿ ಉಳಿದೆವು. ಅದೂ ಲೆಕ್ಕದ ಮಾತೇ. ಮೈಸೂರಿನಿಂದ ನಸುಕಿನಲ್ಲಿ ಧಾವಂತದಿಂದ ಓಡಿ ಬರುವುದಕ್ಕಿಂತ ಹಿಂದಿನ ದಿನವೇ ಹತ್ತಿರ ಸೇರಿಕೊಳ್ಳುವುದು ಹಿರಿಯರಿಗೂ ಮಕ್ಕಳಿಗೂ ಹಿತ. ಕಾಡಿನೊಳಗಿನ ಆ ರಸ್ತೆ ಹೇಗೂ ಸಂಜೆ 6ರಿಂದ ಬೆಳಗ್ಗೆ 6ರವರೆಗೆ ವಾಹನಗಳಿಗೆ ಬಂದ್. ರಾತ್ರಿ ರಸ್ತೆ ದಾಟುವ ಪ್ರಾಣಿಗಳು ಗಾಡಿಗೆ ಸಿಕ್ಕಿ ಸಾಯುತ್ತವೆ ಎಂದು ಮಾಡಿದ ನಿಯಮ. ಬಂಡೀಪುರದಲ್ಲಿ ಇದೇ ನಿಷೇಧ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಇದೆ.

ಆ ರಾತ್ರಿ ಜಗಲಿಯಲ್ಲಿ ಕೂತು ಪುಟ್ಟಿಗೆ ಕಾಕನಕೋಟೆಯ ಖೆಡ್ಡಾ ವಿಷಯ ಹೇಳಿದೆ. ಕಾಡಾನೆಗಳನ್ನು ತಮಟೆ ಬಡಿದು, ಬೆಂಕಿ ತೋರಿಸಿ ಹೊಳೆಗೆ ಅಟ್ಟಿ, ದೊಡ್ಡ ದೊಡ್ಡ ದಿಮ್ಮಿಗಳ ದೊಡ್ಡಿಗೆ ಕೂಡುವುದಕ್ಕೆ ಖೆಡ್ಡಾ ಎನ್ನುತ್ತಿದ್ದರು. ಅದನ್ನು ನೋಡಲು ದೇಶವಿದೇಶಗಳಿಂದ ಜನ ಬರುತ್ತಿದ್ದರು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ, ನಾನಾಗ ಕಾಲೇಜಿನಲ್ಲಿದ್ದೆ. ಆಮೇಲೆ ಅಣೆಕಟ್ಟೆಯ ನೀರು ನಿಂತು ಆ ಜಾಗವೇ ಮುಳುಗಿತು. "ಅಂದ್ರೆ ಆಗ್ಲೂ ಜನ ಗುಂಪಾಗಿ ನೋಡೋಕೆ ಬರ್ತಿದ್ರಾ?" ಎಂದು ಪುಟ್ಟಿ ಕೇಳಿದಳು. ಬರುತ್ತಿದ್ದರು. ಆಗ ಆನೆಯನ್ನು ಅಟ್ಟಿ ಜನರ ಮುಂದೆ ತರುತ್ತಿದ್ದರು, ಈಗ ನಾವೇ ಆನೆ ಇರುವಲ್ಲಿಗೆ ಹೋಗುತ್ತೇವೆ ಎಂದೆ. ಅವಳು ಇನ್ನೇನೋ ಕೇಳುವವಳಿದ್ದಳು, ನಿದ್ದೆ ಬಂದುಬಿಟ್ಟಿತು.

ಬೆಳಗ್ಗೆ ಗೇಟಿನ ಬಳಿ ಖಾಲಿ ಏನೂ ಇರಲಿಲ್ಲ. ಬೇಸಿಗೆ ರಜೆ ಎಂದ ಮೇಲೆ ಬುಧವಾರಕ್ಕೂ ಜನ ಇದ್ದೇ ಇರುತ್ತಾರೆ. ಆದರೆ ಬೆಂಚು ಸಿಕ್ಕಿತು, ಶೌಚಾಲಯಕ್ಕೆ ಸಾಲಿರಲಿಲ್ಲ. ನಮ್ಮ ಬಸ್ಸಿನಲ್ಲಿ ನಾಲ್ಕೈದು ಸೀಟು ಖಾಲಿಯೇ ಉಳಿದಿದ್ದವು. ಇವಳು ಸುತ್ತ ಒಮ್ಮೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾರಿನಿಂದ ಇಳಿದಳು.

ತೇಗದ ಮರಗಳು ಎಲೆಯುದುರಿಸಿ ನಿಂತಿದ್ದವು. ನಡುನಡುವೆ ಕಕ್ಕೆ ಮರ ಮೈತುಂಬ ಹಳದಿ ಹೂ ಇಳಿಬಿಟ್ಟಿತ್ತು. ಕೇರಳದವರು ವಿಷುವಿಗೆ ದೇವರ ಮುಂದಿಡುವ ಕೊನ್ನ ಹೂ ಇದೇ. ಜಿಂಕೆಗಳು ಎಷ್ಟಿದ್ದವೆಂದರೆ ಪುಟ್ಟಿ ಮೊದಲು ಎಣಿಸುತ್ತಿದ್ದವಳು ಆಮೇಲೆ "ತುಂಬಾ" ಎಂದು ಬರೆದು ಬಿಟ್ಟಳು. ಒಂದು ಕಾಟಿ, ಮಂಡಿಯವರೆಗೆ ಬಿಳಿ ಕಾಲುಚೀಲ ಹಾಕಿದ ಹಾಗೆ, ರಸ್ತೆ ಪಕ್ಕ ನಿಂತು ನಮ್ಮನ್ನು ನೋಡಿ ಮೂಗರಳಿಸಿತು. ಮರದ ತುದಿಯಲ್ಲಿ ಮೊಳ ಉದ್ದದ ಬಾಲದ ಕೆಂಜಳಿಲು. ಮಗನಿಗೆ ಅದನ್ನು ತೋರಿಸುವಷ್ಟರಲ್ಲಿ ಇನ್ನೊಂದು ಮರಕ್ಕೆ ಹಾರಿತ್ತು.

ಡ್ರೈವರ್ ಆ ಕಡೆಯ ಹಳ್ಳಿಯವರು. ಮಾತು ಕಡಿಮೆ. ಒಂದು ತಿರುವಿನಲ್ಲಿ ಎಂಜಿನ್ ಆರಿಸಿ ಸುಮ್ಮನೆ ಕುಳಿತರು. ಎಂಜಿನ್ ನಿಂತ ಮೇಲೇ ಗೊತ್ತಾದದ್ದು, ನಾವು ಅಲ್ಲಿಯವರೆಗೆ ಕಾಡನ್ನು ಕೇಳಿಯೇ ಇರಲಿಲ್ಲ ಎಂದು. ಒಣ ಎಲೆಯ ಸದ್ದು, ಎಲ್ಲೋ ಮರಕುಟಿಗ. ಆಮೇಲೆ ಬಿದಿರು ಮುರಿಯುವ ಲಟಲಟ ಶಬ್ದ. ಬಲಗಡೆಯ ಇಳಿಜಾರಿನಿಂದ ಒಂದೊಂದಾಗಿ ಆನೆಗಳು ಹೊರಬಂದವು. ಏಳು. ಮುಂದೆ ಒಂದು ಮುದಿ ಹೆಣ್ಣಾನೆ, ಹಿಂದೆ ತಾಯಂದಿರು, ಅವುಗಳ ಕಾಲುಗಳ ನಡುವೆ ಒಂದು ಮರಿ. ನಮ್ಮ ಕಡೆ ನೋಡಿ ಕಿವಿ ಅಗಲಿಸಿದವು, ಅಪಾಯವಿಲ್ಲ ಎನಿಸಿತೋ ಏನೋ, ಕೆರೆಗೆ ಇಳಿದವು. ಮರಿಗೆ ಸೊಂಡಿಲಿನಲ್ಲಿ ನೀರು ಕುಡಿಯಲು ಇನ್ನೂ ಬರುತ್ತಿರಲಿಲ್ಲ, ಬಾಯಿಯನ್ನೇ ನೀರಿಗೆ ಇಟ್ಟು ಕುಡಿಯಿತು. ಬಸ್ಸಿನಲ್ಲಿ ಇಪ್ಪತ್ತು ಜನ ಇದ್ದರೂ ಒಂದು ಮಾತಿಲ್ಲ.

ನಾನು ಆನೆಗಿಂತ ಹೆಚ್ಚು ಇವಳನ್ನೇ ನೋಡುತ್ತಿದ್ದೆ. ಕಿಟಕಿಯ ಕಂಬಿ ಹಿಡಿದು ಕೂತಿದ್ದಳು. ಹತ್ತು ನಿಮಿಷ ಹಾಗೆಯೇ. ಆಮೇಲೆ ತನ್ನಷ್ಟಕ್ಕೆ ತಾನೇ, "ಮೈಮೇಲೆ ಬರೀ ಮಣ್ಣು, ಒಂದು ಬಣ್ಣ ಇಲ್ಲ, ಒಂದು ಜೂಲು ಇಲ್ಲ" ಎಂದಳು.

ವಾಪಸ್ ಬರುವಾಗ ದೂರದಲ್ಲಿ ಮುಸುವ ಕೂಗಿತು, ಹಿಂದೆಯೇ ಜಿಂಕೆಯ ಎಚ್ಚರಿಕೆಯ ಕೂಗು. ಡ್ರೈವರ್ ಬಸ್ಸನ್ನು ಆ ಕಡೆ ತಿರುಗಿಸಿದರು. ಅಲ್ಲಿ ಆಗಲೇ ನಾಲ್ಕು ಗಾಡಿಗಳು ನಿಂತಿದ್ದವು, ಎಲ್ಲರೂ ಒಂದು ಲಂಟಾನ ಪೊದೆಯತ್ತ ಕತ್ತು ಚಾಚಿದ್ದರು. ಎದುರಿಗೆ ಒಂದು ಸಣ್ಣ ನೀರಿನ ಗುಂಡಿ. ಹುಲಿ ಪೊದೆಯಲ್ಲಿದೆ, ನೀರಿಗೆ ಬರುತ್ತದೆ ಎಂದು ಪಿಸುಗುಟ್ಟಿದರು. 2012ರ ಆ ನಿಯಮಗಳಲ್ಲಿ ಇದೂ ಇದೆ: ಪ್ರಾಣಿಯಿಂದ 20 ಮೀಟರ್ ದೂರ ಇರಬೇಕು, ಒಂದು ಗಾಡಿಗೂ ಇನ್ನೊಂದಕ್ಕೂ 50 ಮೀಟರ್ ಅಂತರ ಇರಬೇಕು, 15 ನಿಮಿಷಕ್ಕಿಂತ ಹೆಚ್ಚು ನಿಲ್ಲಬಾರದು. ಅಲ್ಲಿ 50 ಮೀಟರ್ ಅಂತರವನ್ನಂತೂ ನಾನು ಕಾಣಲಿಲ್ಲ. ನಮ್ಮ ಡ್ರೈವರ್ ಮಾತ್ರ ಹಿಂದೆಯೇ ನಿಲ್ಲಿಸಿದರು. ಮುಂದೆ ಹೋಗಿ ಎಂದು ಹಿಂದಿನ ಸೀಟಿನವರು ಕೂಗಿದರು. ಅವರು ತಿರುಗಿಯೂ ನೋಡಲಿಲ್ಲ. ಆ ಮನುಷ್ಯನ ಬಗ್ಗೆ ನನಗೆ ಬಹಳ ಗೌರವ ಬಂತು.

ಹುಲ್ಲು ಒಮ್ಮೆ ಅಲುಗಿತು. ಅರ್ಧ ಬಸ್ಸು "ಅಗೋ" ಎಂದಿತು. ನನಗೆ ಹುಲ್ಲು ಕಂಡಿತು. ಪುಟ್ಟಿಗೂ ಅಷ್ಟೇ. ಹೋದ ವರ್ಷ ಕಣ್ಣಿನ ಪೊರೆ ತೆಗೆಸಿಕೊಂಡ ಅವಳ ಅಜ್ಜಿ ಮಾತ್ರ, "ಕಿವಿ ಕಾಣಿಸ್ತು, ಕಿವಿ ಹಿಂದೆ ಬಿಳಿ ಚುಕ್ಕೆ ಇತ್ತು" ಎಂದಳು. ಹುಲಿಯ ಕಿವಿಯ ಹಿಂದೆ ಬಿಳಿ ಚುಕ್ಕೆ ಇರುವುದು ನಿಜ. ಅದನ್ನು ಇವಳು ಯಾವ ಪುಸ್ತಕದಲ್ಲೂ ಓದಿದವಳಲ್ಲ. 15 ನಿಮಿಷ ಆದ ಮೇಲೆ ನಾವು ಹೊರಟೆವು. ಉಳಿದವರಲ್ಲಿ ಇಬ್ಬರು ಹೊರಡಲಿಲ್ಲ.

ಪುಟ್ಟಿ ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ಅಳಲಿಲ್ಲ. ತುಂಬ ಹೊತ್ತು ಸುಮ್ಮನಿದ್ದು ಕೇಳಿದಳು, "ತಾತ, ಅದಕ್ಕೆ ಬಾಯಾರಿಕೆ ಆಗಿತ್ತು ಅಲ್ವಾ? ನಾವ್ಯಾರೂ ಇಲ್ದೇ ಇದ್ದಿದ್ರೆ ನೀರು ಕುಡೀತಿತ್ತು. ನಾವು ಬರ್ಲೇಬಾರ್ದಿತ್ತಾ?"

ಇದಕ್ಕೆ ನಾನು ತಕ್ಷಣ ಉತ್ತರ ಹೇಳಲಿಲ್ಲ. 2022ರ ಗಣತಿಯಲ್ಲಿ ನಾಗರಹೊಳೆಯಲ್ಲಿ 141 ಹುಲಿಗಳು, ಬಂಡೀಪುರದಲ್ಲಿ 150. ನಮ್ಮ ರಾಜ್ಯದಲ್ಲಿ ಒಟ್ಟು 563. ಬಂಡೀಪುರ 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು, ಅದಕ್ಕೆ ಮೊದಲು ಮಹಾರಾಜರ ಬೇಟೆಯ ಕಾಡು. ಕಾಡನ್ನು ನೋಡಿದವರು ಕಾಡಿನ ಪರವಾಗಿ ನಾಲ್ಕು ಮಾತಾಡುತ್ತಾರೆ, ಯಾರೂ ನೋಡದ ಕಾಡಿನ ಮೇಲೆ ರಸ್ತೆ ಬಂದರೂ ಗಣಿ ಬಂದರೂ ಕೇಳುವವರಿರುವುದಿಲ್ಲ. ಇದನ್ನೆಲ್ಲ ಹೇಳಿದೆ. ಅವಳು ತಲೆಯಾಡಿಸಿದಳು. ಆದರೆ ಅವಳು ಕೇಳಿದ್ದು ಆ ಒಂದು ಹುಲಿಯ ಬಾಯಾರಿಕೆಯ ವಿಷಯ, ನಾನು ಹೇಳಿದ್ದು 563ರ ವಿಷಯ. ಎರಡೂ ಒಂದೇ ಅಲ್ಲ ಎಂದು ಅವಳಿಗೂ ಗೊತ್ತಿತ್ತು, ನನಗೂ.

ಅವಳ ಅಜ್ಜಿಯೇ ಮಧ್ಯೆ ಬಾಯಿ ಹಾಕಿದಳು. "ನೆಂಟರ ಮನೆಗೆ ಹೋಗೋದು ತಪ್ಪಾ? ಹೋಗ್ಬೇಕು. ಆದ್ರೆ ಅವ್ರು ಊಟಕ್ಕೆ ಕೂತಾಗ ತಟ್ಟೆ ಸುತ್ತ ನಿಂತ್ಕೋಬಾರ್ದು."

ಬುಧವಾರದ ದಿನವೇ ಐದು ಗಾಡಿ. ಎರಡು ದಿನ ಮುಂಚೆ, ವಿಷುವಿನ ದಿನ, ಅಲ್ಲಿ ಎಷ್ಟಿದ್ದವೋ. ಜನ ಇಲ್ಲದ ದಿನ ಹೋಗೋಣ ಎಂದು ನಾನು ಲೆಕ್ಕ ಹಾಕಿದ್ದು ಇವಳ ಮಂಡಿಗಾಗಿ, ಕೂರಲು ಬೆಂಚು ಸಿಗಲಿ ಎಂದು. ಆ ಲೆಕ್ಕದ ಇನ್ನೊಂದು ಬದಿ ಪೊದೆಯೊಳಗೆ ಕೂತಿತ್ತು. ಜಂಗುಳಿ ನಮಗೆ ಎಷ್ಟು ಕಷ್ಟವೋ ಅದಕ್ಕೂ ಅಷ್ಟೇ ಕಷ್ಟ, ಅದಕ್ಕೆ ಬೇರೆ ದಿನ ನೋಡಿಕೊಂಡು ಬರುವ ಅನುಕೂಲವಿಲ್ಲ.

ಮಧ್ಯಾಹ್ನ ಷಡ್ಡಕರ ಮನೆಯಲ್ಲಿ ಊಟ ಮಾಡಿ, ಇವಳು ತನ್ನ ಮಾತ್ರೆ ನುಂಗಿ ಮಲಗಿದಳು. ಮುಂದಿನ ಸಲ ಯಾವಾಗ ಎಂದು ಮಗ ಕ್ಯಾಲೆಂಡರ್ ತೆರೆದ. ವರ್ಷಕ್ಕೆ ಒಂದು ಸಲ ಸಾಕು, ಬೇರೆ ತಿಂಗಳಲ್ಲಿ ರಂಗನತಿಟ್ಟೋ ಕೊಕ್ಕರೆಬೆಳ್ಳೂರೋ ಆಗಬಹುದು ಎಂದು ಸೊಸೆ ಹೇಳಿದಳು. ಅದಕ್ಕೆ ಯಾರೂ ಎದುರಾಡಲಿಲ್ಲ.

ಪುಟ್ಟಿ ನನ್ನ ಲೆಡ್ಜರ್‌ನಲ್ಲಿ ಒಂದು ಖಾಲಿ ಪುಟ ಕೇಳಿ ತೆಗೆದುಕೊಂಡು ಅಂದು ಕಂಡದ್ದನ್ನೆಲ್ಲ ಪಟ್ಟಿ ಮಾಡಿದಳು. ಆನೆ, ಏಳು. ಕಾಟಿ, ಒಂದು. ಜಿಂಕೆ, ತುಂಬಾ. ಕೆಂಜಳಿಲು, ಅಪ್ಪನಿಗೆ ಕಾಣಲಿಲ್ಲ. ಕೊನೆಯ ಸಾಲಿಗೆ ಬಂದಾಗ ಪೆನ್ಸಿಲ್ ಕಚ್ಚಿಕೊಂಡು ಯೋಚಿಸಿದಳು. ಬೆಂಚಿನ ಮೂರು ಜನರಿಗೂ ನಾನೂ ಹುಲಿ ನೋಡಿದೆ ಎಂದು ಹೇಳಿಬಿಡುತ್ತೀಯೇನೋ ಎಂದು ಕೆಣಕಿದೆ. ಅವಳು ಉತ್ತರ ಕೊಡದೆ ಬರೆದು ಮುಗಿಸಿ ಪುಸ್ತಕ ನನ್ನ ಕೈಗಿಟ್ಟಳು. ಗುಂಡಗಿನ ಅಕ್ಷರದಲ್ಲಿ ಹೀಗಿತ್ತು: ಹುಲಿ, ಒಂದು ಕಿವಿ. ಅಜ್ಜಿ ಲೆಕ್ಕಕ್ಕೆ.